ಹಾಜರಿ ಕೇಸು

ಹೋದ ತಿಂಗಳು ಅಕ್ಕನ ಮಗಳ ಮದುವೆಗೆ ಸೀರೆ ತೆಗೆಯಲು ಕೊಳ್ಳೇಗಾಲಕ್ಕೆ ಹೋಗಿದ್ದೆ. ಸೀರೆ ಅಂಗಡಿಯವರು ಉತ್ಸಾಹದ ಮನುಷ್ಯ. "ನೂಲು ತೆಗೆಯೋದು ನೋಡಿದ್ದೀರಾಮ್ಮ? ಹಿಂದಿನ ಬೀದೀಲೇ ನಮ್ಮ ಶೆಡ್ಡಿದೆ, ಬನ್ನಿ" ಎಂದು ನಮ್ಮನ್ನು ಕರೆದುಕೊಂಡು ಹೊರಟರು. ರೇಷ್ಮೆ ಗೂಡು ಬೇಯುವ ವಾಸನೆ ಬೀದಿಯ ತಿರುವಿನಲ್ಲೇ ಮೂಗಿಗೆ ಹೊಡೆಯಿತು. ಹುಳು ಬೆಂದ ಆ ಕಮಟು ವಾಸನೆ ಕೊಳ್ಳೇಗಾಲದಲ್ಲಿ ಕೆಲಸ ಮಾಡಿದ ಯಾರಿಗೂ ಹೊಸದಲ್ಲ. ಬೀದಿಯೇ ಗುರುತು ಸಿಗದಷ್ಟು ಬದಲಾಗಿತ್ತು. ಶೆಡ್ಡಿನೊಳಗೆ ಕಾಲಿಟ್ಟು, ಆವಿಯ ನಡುವೆ ಕಣ್ಣು ಹೊಂದಿಸಿಕೊಂಡು ನೋಡಿದೆ. ಎತ್ತರದ ಕಿಟಕಿ, ಅರ್ಧಗೋಡೆಯವರೆಗೆ ಹಸಿರು ಬಣ್ಣ, ಬಾಗಿಲ ಪಕ್ಕ ಒಡೆದ ಬೇಸಿನ್. ನಾನು ನಿಂತಿದ್ದದ್ದು ಒಂದು ಕಾಲಕ್ಕೆ ನಾನು ನರ್ಸ್ ಆಗಿದ್ದ ಆಸ್ಪತ್ರೆಯ ಕ್ಯಾಶುಯಾಲ್ಟಿಯಲ್ಲಿ.

"ಇದು ಹಿಂದೆ ಧರ್ಮಾಸ್ಪತ್ರೆ ಆಗಿತ್ತು ಕಣಮ್ಮ. ಬಡವರ ಪಾಲಿಗೆ ದೇವಸ್ಥಾನ ಇದ್ದಂಗಿತ್ತಂತೆ" ಅಂದರು ಅಂಗಡಿಯವರು. ಕಟ್ಟಿಸಿದವರ ಹೆಸರಿನ ಅಮೃತಶಿಲೆಯ ಫಲಕ ಇನ್ನೂ ಗೋಡೆಯಲ್ಲೇ ಇತ್ತು. ಯಾರೋ ಅದನ್ನು ತೊಳೆದು ಕುಂಕುಮವನ್ನೂ ಇಟ್ಟಿದ್ದರು.

ನನಗೆ ಮೈ ಉರಿದುಹೋಯಿತು. ಮದುವೆ ಸೀರೆ ತೆಗೆಯಲು ಬಂದ ದಿನ ಜಗಳ ಬೇಡವೆಂದು ಸುಮ್ಮನೆ ಹೊರಗೆ ಬಂದೆ. ದೇವಸ್ಥಾನವಂತೆ! ಆ ಒಂದು ಮಳೆಗಾಲದಲ್ಲಿ ಅಲ್ಲಿ ಏನು ನಡೆಯಿತು ಎಂಬುದನ್ನು ಬರೆದಿಡದಿದ್ದರೆ ಆ ಫಲಕ ಹೇಳುವುದೇ ನಿಜವಾಗಿ ಉಳಿದುಬಿಡುತ್ತದೆ.

ಅದು ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ನಮ್ಮ ಮನೆ ಯಳಂದೂರಿನಲ್ಲಿ. ನರ್ಸಿಂಗ್ ಮುಗಿಸಿ ಎರಡು ವರ್ಷವಾಗಿತ್ತು. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಕೊಳ್ಳೇಗಾಲಕ್ಕೆ ಬಂದು, ಮಧ್ಯಾಹ್ನ ಎರಡರವರೆಗೆ ಕ್ಯಾಶುಯಾಲ್ಟಿಯಲ್ಲಿ ಕೆಲಸ ಮಾಡಿ ಹಿಂದಿರುಗುತ್ತಿದ್ದೆ. ರೇಷ್ಮೆ ವ್ಯಾಪಾರದ ಒಂದು ದೊಡ್ಡ ಮನೆತನ ನಡೆಸುತ್ತಿದ್ದ ಆಸ್ಪತ್ರೆ ಅದು. ನಾವೆಲ್ಲ ದೊಡ್ಡ ಡಾಕ್ಟ್ರು ಎನ್ನುತ್ತಿದ್ದ ಹಿರಿಯರೊಬ್ಬರು ಅದರ ಮುಖ್ಯಸ್ಥರು, ಆ ಮನೆತನದ ಅಳಿಯ.

ಎಲ್ಲ ಕ್ಯಾಶುಯಾಲ್ಟಿಗಳಲ್ಲೂ ಇರುವಂತೆ ನಮ್ಮಲ್ಲೂ ಮತ್ತೆ ಮತ್ತೆ ಬರುವ ಕೆಲವರಿದ್ದರು. ಹಾವು ಕಚ್ಚಿದವರು, ಗಾಡಿಯಿಂದ ಬಿದ್ದವರು ಒಂದು ಸಲ ಬಂದರೆ, ಇವರು ವಾರಕ್ಕೆ ಎರಡು ಸಲ, ಮೂರು ಸಲ. ಒಬ್ಬರಿಗೆ ಉಸಿರು ಕಟ್ಟುತ್ತದೆ, ಒಬ್ಬರಿಗೆ ತಲೆ ತಿರುಗುತ್ತದೆ, ಪರೀಕ್ಷೆ ಮಾಡಿದರೆ ಏನೂ ಸಿಗುವುದಿಲ್ಲ. ಶಾಲೆಯ ಹಾಜರಿಯಂತೆ ತಪ್ಪದೆ ಬರುತ್ತಾರೆಂದು ದೊಡ್ಡ ಡಾಕ್ಟ್ರು ಇವರಿಗೆ 'ಹಾಜರಿ ಕೇಸು' ಎಂದು ಹೆಸರಿಟ್ಟಿದ್ದರು. ರಿಜಿಸ್ಟರಿನಲ್ಲಿ ಅವರ ಹೆಸರಿನ ಮುಂದೆ ಕೆಂಪು ಇಂಕಿನಲ್ಲಿ ಒಂದು 'ಹಾ' ಬರೆಯಬೇಕು. ಹಾಗೆ ಬರೆದಿದ್ದರೆ ಡಾಕ್ಟರು ಎದ್ದು ಬರುವ ಅಗತ್ಯವಿರಲಿಲ್ಲ. ನಾವೇ ನೋಡಿ ಕಳಿಸುತ್ತಿದ್ದೆವು.

ನೋಡುವುದೆಂದರೆ ಹೇಗೆ ಎಂದು ಹೇಳಲು ನನಗೀಗಲೂ ನಾಚಿಕೆ. ಅಮೋನಿಯಾದಲ್ಲಿ ಅದ್ದಿದ ಹತ್ತಿಯನ್ನು ಮೂಗಿಗೆ ಒತ್ತಿ ಹಿಡಿಯುವುದು. ಕಣ್ಣು ಮೂಗಲ್ಲಿ ನೀರು ಸುರಿದು ಅವರು ಒದ್ದಾಡುತ್ತಾರಲ್ಲ, ಅದು ಮದ್ದು. ಅದಕ್ಕೂ ಜಗ್ಗದೆ ಮತ್ತೆ ಬಂದರೆ ಇದ್ದದ್ದರಲ್ಲೇ ದಪ್ಪನೆಯ ಸೂಜಿ ಹುಡುಕಿ ಬರೀ ಡಿಸ್ಟಿಲ್ಡ್ ವಾಟರನ್ನು ಸೊಂಟಕ್ಕೆ ಚುಚ್ಚುವುದು. ನೀರಿನ ಇಂಜೆಕ್ಷನ್ನು ಬೆಂಕಿಯ ಹಾಗೆ ಉರಿಯುತ್ತದೆ. "ನೋವಾಗಲಿ, ನಾಳೆ ಬರೋದು ಬಿಡ್ತಾರೆ" ಎಂದು ನಮಗೆ ಹೇಳಿಕೊಟ್ಟಿದ್ದರು. ನಾವು ಹೇಳಿಕೊಟ್ಟದ್ದನ್ನು ಮಾಡುತ್ತಿದ್ದೆವು. ಮಾಡಿ ಆಮೇಲೆ ಸ್ಟಾಫ್ ರೂಮಿನಲ್ಲಿ ನಗುತ್ತಿದ್ದೆವು. ನಾನೂ ನಕ್ಕಿದ್ದೇನೆ.

ಆ ವರ್ಷ ಆಷಾಢದ ಗಾಳಿ ಶುರುವಾದಾಗ ಒಂದು ಹೊಸ ಹಾಜರಿ ಕೇಸು ಸೇರಿಕೊಂಡಿತು. ಶಾಗ್ಯದ ಮಾದಮ್ಮ. ಐವತ್ತರ ಆಸುಪಾಸಿನ ವಿಧವೆ, ಎರಡೆಕರೆ ರಾಗಿ ಹೊಲ ಮಾಡಿಕೊಂಡಿದ್ದವಳು. ಬೆಳಗಿನ ಬಸ್ಸಿಗೆ ಬಂದು, ಗಾಳಿಗೆ ಮುಖವೆಲ್ಲ ಕೆಂಪು ಧೂಳಾಗಿ, ಸೆರಗನ್ನು ಎದೆಗೆ ಒತ್ತಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದಳು.

"ಏನಮ್ಮ ಇವತ್ತು?"

"ಎದ ಮ್ಯಾಲೆ ಕಲ್ಲು ಮಡಗ್ದಂಗಾಯ್ತದೆ ಸಿಸ್ಟ್ರೇ. ಉಸ್ರು ಎಳ್ಕಳಕಾಗಕಿಲ್ಲ."

ಎರಡು ಸಲ ಇಸಿಜಿ ತೆಗೆದೆವು. ಎರಡೂ ಸರಿಯಾಗಿಯೇ ಇದ್ದವು. ಮೂರನೆಯ ಸಲಕ್ಕೆ ಕೆಂಪು 'ಹಾ' ಬಿತ್ತು. ಅಮೋನಿಯಾ ಹಿಡಿದೆ. ಕೆಮ್ಮಿ ಕೆಮ್ಮಿ ಕಣ್ಣು ಒರೆಸಿಕೊಂಡಳು, ಬೈಯಲಿಲ್ಲ. ಮತ್ತೆ ಎರಡು ದಿನ ಬಿಟ್ಟು ಬಂದಳು. ನೀರಿನ ಇಂಜೆಕ್ಷನ್ ಹಾಕಿದೆ. ಹಲ್ಲು ಕಚ್ಚಿ ಸಹಿಸಿಕೊಂಡು, "ಒಸಿ ಒತ್ತು ಇಲ್ಲೇ ಕೂತ್ಕಂಡು ಓಯ್ತೀನಿ ಕನವ್ವ" ಅಂದಳು. ಕ್ಯಾಶುಯಾಲ್ಟಿಯ ಬೆಂಚಿನ ಮೇಲೆ ಒಳಗಿನ ಕಾರಿಡಾರಿಗೆ ಮುಖ ಮಾಡಿ ಕೂರುತ್ತಿದ್ದಳು. ನನ್ನ ಕೆಲಸ ಮುಗಿದು ನಾನು ಬಸ್ಸಿಗೆ ಹೊರಡುವಾಗಲೂ ಎಷ್ಟೋ ಸಲ ಅಲ್ಲೇ ಇರುತ್ತಿದ್ದಳು. ಇಡೀ ಆಷಾಢ ಹೀಗೇ ಕಳೆಯಿತು. ಅವಳ ಸೊಂಟದಲ್ಲಿ ಸೂಜಿಗೆ ಜಾಗ ಹುಡುಕುವುದೇ ಕಷ್ಟವಾಯಿತು.

ಶ್ರಾವಣದಲ್ಲಿ ಡಾಕ್ಟರ್ ಉಷಾ ಬಂದರು. ಮೈಸೂರಿನವರು, ಮುಂದಿನ ಓದಿಗೆ ಸೀಟು ಸಿಗುವವರೆಗೆ ಕೆಲಸ ಮಾಡಲು ಬಂದಿದ್ದ ಇಪ್ಪತ್ತೈದು ವರ್ಷದ ಹುಡುಗಿ. ಮೊದಲ ದಿನವೇ ಕ್ಯಾಶುಯಾಲ್ಟಿ ರಿಜಿಸ್ಟರನ್ನು ಹಿಂದಿನಿಂದ ಮುಂದಕ್ಕೆ ತಿರುವಿ ಹಾಕಿ ಕೇಳಿದರು: "ರತ್ನಾ, ಈ 'ಹಾ' ಅಂದ್ರೇನು?"

ನಾನು ಹೇಳಿದೆ. ನಗುತ್ತಲೇ ಹೇಳಿದೆ. ಅವರು ನಗಲಿಲ್ಲ.

"ಈ ಮಾದಮ್ಮ ಇಷ್ಟು ಸಲ ಬಂದಿದ್ದಾರೆ. ಯಾಕೆ ಬರ್ತೀರಿ ಅಂತ ಯಾರಾದ್ರೂ ಕೇಳಿದ್ರಾ?"

"ಕೇಳೋದೇನು ಮೇಡಂ, ಎದೆ ನೋವು ಅಂತಾರೆ. ಎದೇಲಿ ಏನೂ ಇಲ್ಲ."

"ಎದೇಲಿ ಏನೂ ಇಲ್ಲ ಅಂತ ಇಸಿಜಿ ಹೇಳಿದ್ದು. ಅವರನ್ನ ಕೇಳಿದ್ರಾ?"

ನನಗೆ ಸಿಟ್ಟು ಬಂತು. ಮೈಸೂರಿನಿಂದ ನಿನ್ನೆ ಬಂದವರು ನನಗೆ ಕೆಲಸ ಕಲಿಸುತ್ತಾರೆ ಎಂದುಕೊಂಡೆ. ಮಾರನೆಯ ದಿನ ಮಾದಮ್ಮ ಬಂದಾಗ ನಾನು ಹತ್ತಿಗೆ ಕೈ ಹಾಕುವಷ್ಟರಲ್ಲಿ ಉಷಾ ಮೇಡಂ ಅಮೋನಿಯಾ ಬಾಟಲಿಯನ್ನು ಟ್ರೇಯಿಂದ ತೆಗೆದು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಹೋಗಿ ಬೆಂಚಿನ ಮೇಲೆ ಮಾದಮ್ಮನ ಪಕ್ಕ ಕುಳಿತರು. ಡಾಕ್ಟರೊಬ್ಬರು ರೋಗಿಯ ಬೆಂಚಿನ ಮೇಲೆ ಕುಳಿತದ್ದನ್ನು ಆ ಆಸ್ಪತ್ರೆಯಲ್ಲಿ ನಾನು ಅದೇ ಮೊದಲು ನೋಡಿದ್ದು.

ಅವತ್ತು ಮಾದಮ್ಮ ಏನೂ ಹೇಳಲಿಲ್ಲ. ಅದರಾಚೆಯ ಸಲವೂ ಹೇಳಲಿಲ್ಲ. ಮಳೆ, ಹೊಲ, ಮೇಯಲು ಬಿಟ್ಟ ಆಡು, ಇಂಥ ಮಾತೇ ಆಯಿತು. ನಾಲ್ಕನೆಯ ಸಲವೋ ಐದನೆಯ ಸಲವೋ ಮೇಡಂ ಕೇಳಿದರು: "ಅಮ್ಮ, ಮಾತ್ರೆ ಇಂಜೆಕ್ಷನ್ ಬಿಟ್ಟು ಬೇರೆ ಏನಾದ್ರೂ ನಮ್ಮಿಂದ ಆಗಬೇಕಾ ನಿಮಗೆ?"

ಮಾದಮ್ಮ ಕಾರಿಡಾರಿನತ್ತ ಕೈ ತೋರಿಸಿದಳು. "ನನ್ ಮಗ್ಳು ಸಿವಮ್ಮ ಸತ್ತದ್ದು ಇಲ್ಲೇ ಕನವ್ವ, ಮಾಘದಲ್ಲಿ. ಯಾವ ಕ್ವಾಣೆ ಅಂತ ಒಂದ್ಸಲ ತೋರ್ಸುದ್ರೆ ಸಾಕು."

ನಾನು ಪಕ್ಕದಲ್ಲೇ ಬ್ಯಾಂಡೇಜ್ ಬಟ್ಟೆ ಕತ್ತರಿಸುತ್ತಿದ್ದೆ. ಕತ್ತರಿ ಅಲ್ಲೇ ನಿಂತಿತು.

ಒಂದೊಂದಾಗಿ ಹೊರಬಂತು. ಶಿವಮ್ಮನನ್ನು ಮಾರ್ಟಳ್ಳಿಯ ಕಡೆ ಕೊಟ್ಟಿದ್ದರು. ಚೊಚ್ಚಲು ಹೆರಿಗೆಗೆ ತವರಿಗೆ ಬಂದವಳನ್ನು ನೋವು ಶುರುವಾದಾಗ ಇಲ್ಲಿಗೆ ಕರೆತಂದರು. ಹೆಣ್ಣು ಕೂಸು ಹುಟ್ಟಿತು. ಆಮೇಲೆ ರಕ್ತ ನಿಲ್ಲಲಿಲ್ಲ. ಆಗ ಒಳಗಿನಿಂದ ಒಂದು ಚೀಟಿ ಬಂತು, ಈ ಇಂಜೆಕ್ಷನ್ ಬೇಕು, ಹೊರಗಡೆಯಿಂದ ತನ್ನಿ ಎಂದು. ಅಳಿಯ ಇನ್ನೂ ಊರಿನಿಂದ ಬಂದಿರಲಿಲ್ಲ. ಮಾದಮ್ಮನೇ ಓಡಿದಳು. ಎದುರಿನ ಅಂಗಡಿಯಲ್ಲಿ ಇಲ್ಲ. ಪೇಟೆಯಲ್ಲಿ ಅಂಗಡಿ ಅಂಗಡಿ ಅಲೆದರೂ ಇಲ್ಲ. ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಸಿಕ್ಕಿತು. ಅದನ್ನು ಮುಷ್ಟಿಯಲ್ಲಿ ಹಿಡಿದು ಓಡಿ ಬಂದರೆ ಗೇಟಿನವನು, "ಅವರೆಲ್ಲ ಹೋದ್ರಲ್ಲಮ್ಮ" ಅಂದ. ಅಷ್ಟರಲ್ಲಿ ಬೀಗರು ಬಂದಿದ್ದರು. ಗಲಾಟೆಯಾಗಬಾರದೆಂದು ಆಸ್ಪತ್ರೆಯವರೇ ಕಾರು ಮಾಡಿ ಹಿಂದಿನ ಗೇಟಿನಿಂದ ಹೆಣವನ್ನೂ ಕೂಸನ್ನೂ ಕಳಿಸಿಬಿಟ್ಟಿದ್ದರು. ಅವಳು ಬಸ್ಸು ಹಿಡಿದು ಅಲ್ಲಿ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು.

"ಬೀಗಿತ್ತಿ ನನ್ನ ಒಳೀಕೆ ಸೇರುಸ್ನಿಲ್ಲ. ಮದ್ದು ತರಕೋದ ಅವ್ವ ಒತ್ತು ಮಾಡುದ್ಲು, ಅದ್ಕೇ ಸತ್ತೋದ್ಲು ಅಂತ ಡಾಕ್ಟ್ರೇ ಏಳುದ್ರಂತೆ. ನಾನು ಓಡ್ದೆ ಕನವ್ವ. ನಿಂತ್ಕನಿಲ್ಲ, ಕುಂತ್ಕನಿಲ್ಲ, ಓಡ್ದೆ."

ಮಾಘ ಮಾಸದ ಆ ದಿನ ಡ್ಯೂಟಿಯಲ್ಲಿ ಇದ್ದವಳು ನಾನು. ಹೆರಿಗೆ ಕೋಣೆಯಿಂದ ಇಂಜೆಕ್ಷನ್ನಿನ ಹೆಸರನ್ನು ಕೂಗಿದರು. ನಮ್ಮ ಸ್ಟಾಕಿನಲ್ಲಿ ಇರಲಿಲ್ಲ. ಚೀಟಿ ಬರೆದು ಕೈಗೆ ಸಿಕ್ಕ ಹೆಂಗಸಿಗೆ ಕೊಟ್ಟು, "ಬೇಗ ಹೋಗಿ ತನ್ನಿ ಅಮ್ಮ" ಅಂದವಳು ನಾನು. ಅಷ್ಟರಲ್ಲೇ ಎರಡು ಗಂಟೆಯಾಗಿ ಡ್ಯೂಟಿ ಮುಗಿಯಿತು, ಯಳಂದೂರಿನ ಬಸ್ಸು ಹತ್ತಿದೆ. ಮರುದಿನ ಆ ಕೇಸು ಉಳಿಯಲಿಲ್ಲ ಎಂದರು. ಅಯ್ಯೋ ಪಾಪ ಅಂದೆ. ಆ ಹೆಂಗಸಿನ ಮುಖ ನನಗೆ ನೆನಪೇ ಉಳಿದಿರಲಿಲ್ಲ. ಇಡೀ ಆಷಾಢ ಅದೇ ಹೆಂಗಸಿಗೆ ದಪ್ಪ ಸೂಜಿಯಿಂದ ನೀರು ಚುಚ್ಚಿದ್ದೆ.

ಆ ಹೊತ್ತು ಬಾಯಿ ಬಿಡಲಿಲ್ಲ. ಮೇಡಂ ಹತ್ತಿರವೂ ಹೇಳಲಿಲ್ಲ, ಮಾದಮ್ಮನ ಹತ್ತಿರವೂ ಹೇಳಲಿಲ್ಲ.

ಉಷಾ ಮೇಡಂ ಹಳೆಯ ಕೇಸ್ ಶೀಟು ಹುಡುಕಿಸಿ ಓದಿದರು. ಎರಡು ದಿನ ಬಿಟ್ಟು ಮಾದಮ್ಮ ಬಂದಾಗ ಕೈ ಹಿಡಿದು ಹೆರಿಗೆ ಕೋಣೆಗೆ ಕರೆದೊಯ್ದರು. ಜೊತೆಗೆ ನಾನಿದ್ದೆ, ಆಯಾ ಕೆಂಪಮ್ಮ ಇದ್ದಳು.

"ಈ ಕೋಣೆ, ಈ ಮಂಚ" ಅಂದರು ಮೇಡಂ. "ಕೂಸು ಹುಟ್ಟಿದ ಮೇಲೆ ಗರ್ಭಕೋಶ ಗಟ್ಟಿಯಾಗ್ಲಿಲ್ಲ, ರಕ್ತ ಹೋಯ್ತು. ಆ ಇಂಜೆಕ್ಷನ್ ಈ ಕೋಣೇಲೇ ಇರಬೇಕಿತ್ತು. ಯಾರೂ ಹೊರಗೆ ಓಡೋ ಹಾಗೇ ಇರಬಾರದಿತ್ತು. ತಡ ಮಾಡಿದ್ದು ನೀವಲ್ಲ ಅಮ್ಮ, ನಾವು. ನಮ್ಮಿಂದ ತಪ್ಪಾಗಿದೆ."

ಮಾದಮ್ಮ ಮಂಚದ ಕಬ್ಬಿಣದ ಪಟ್ಟಿಯನ್ನು ಸವರುತ್ತ ನಿಂತಿದ್ದಳು. "ಕೊನೇಲಿ ಏನಾದ್ರೂ ಅಂದ್ಲಾ?"

ಮೇಡಂಗೆ ಗೊತ್ತಿರಲಿಲ್ಲ. ಕೆಂಪಮ್ಮ ಹೇಳಿದಳು: "ಅವ್ವ ಎಲ್ಲಿ ಅಂದ್ಲು. ಬತ್ತಾವ್ಳೆ ಕನ ಮಗ ಅಂದೆ. ನೀರು ಕೇಳುದ್ಲು. ನಾನೇ ಕುಡುಸ್ದೆ ಕನಕ್ಕ. ಒಂದು ಲೋಟ ಪೂರಾ ಕುಡುದ್ಲು."

"ಕುಡುಸ್ದ್ಯಾ?" ಅಂದಳು ಮಾದಮ್ಮ. "ಒಳ್ಳೇದಾಯ್ತು." ಆಮೇಲೆ ಗೋಡೆಗೆ ಒರಗಿ ಕುಳಿತು, ಅಷ್ಟು ದಿನ ನಮ್ಮ ಅಮೋನಿಯಾ ಬರಿಸಿದ ಕಣ್ಣೀರಲ್ಲದ ಕಣ್ಣೀರು ಸುರಿಸಿದಳು. ಅವಳ ಪಕ್ಕ ಕೆಂಪಮ್ಮನೂ ಅತ್ತಳು.

ಅವತ್ತು ಮೇಡಂ ಅವಳ ಓಪಿ ಚೀಟಿಯಲ್ಲಿ ಔಷಧಿ ಬರೆಯುವ ಜಾಗದಲ್ಲಿ ಕನ್ನಡದಲ್ಲಿ ಬರೆದರು: 'ಮೊಮ್ಮಗಳನ್ನು ನೋಡಬೇಕು. ಹೊತ್ತಿಳಿಯುವಾಗ ಮನೆಯಲ್ಲಿ ಒಬ್ಬರೇ ಇರಬಾರದು.' ಕೆಳಗೆ ಸಹಿ, ಆಸ್ಪತ್ರೆಯ ಸೀಲು. ಅದರ ಜೊತೆ ಬೀಗರಿಗೆ ಬೇರೆ ಒಂದು ಪತ್ರ ಬರೆದರು. ಇಂಜೆಕ್ಷನ್ ಆಸ್ಪತ್ರೆಯಲ್ಲಿ ಇರಲಿಲ್ಲ, ತಾಯಿಯನ್ನು ಹೊರಗೆ ಕಳಿಸಿದವರು ಆಸ್ಪತ್ರೆಯವರು, ಸಾವಿಗೆ ಆ ತಾಯಿ ಕಾರಣವಲ್ಲ ಎಂದು. ಪತ್ರವನ್ನು ನನ್ನ ಕೈಗೆ ಕೊಟ್ಟು, "ನಿನ್ನ ರಜಾ ದಿನ ಇವರ ಜೊತೆ ಮಾರ್ಟಳ್ಳಿಗೆ ಹೋಗಿ ಬರ್ತೀಯಾ ರತ್ನಾ? ಕಾಗದ ಒಂದನ್ನೇ ಕಳಿಸಿದ್ರೆ ಯಾರೂ ನಂಬಲ್ಲ" ಅಂದರು. ಬೇರೆ ಯಾರನ್ನಾದರೂ ಕೇಳಿ ಎನ್ನುವ ಧೈರ್ಯ ನನಗಿರಲಿಲ್ಲ.

ಹಸ್ತ ಮಳೆ ಹಿಡಿದಿತ್ತು. ಹನೂರಿನವರೆಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ದಾರಿಯುದ್ದಕ್ಕೂ ರಾಗಿ ಹೊಲ ಹಸಿರು ಕಕ್ಕುತ್ತಿತ್ತು. ಅಷ್ಟು ದಿನ ಗಾಳಿಗೆ ಒಣಗಿದ್ದ ಗುಡ್ಡಗಳೆಲ್ಲ ಬಣ್ಣ ಬದಲಿಸಿದ್ದವು. ಮಾದಮ್ಮ ಮಡಿಲಲ್ಲಿ ಒಂದು ಪುಟ್ಟ ಲಂಗ, ರವಿಕೆ ಕಟ್ಟಿಕೊಂಡು ಕಿಟಕಿಯ ಪಕ್ಕ ಕುಳಿತಿದ್ದಳು. "ಕೂಸಿಗೆ ಎಸ್ರೇನು ಮಡಗವ್ರೋ, ಅದೂ ಗೊತ್ತಿಲ್ಲ ನಂಗೆ" ಅಂದಳು. ಅವಳ ಪಕ್ಕ ಕುಳಿತು ಹೇಳಿಬಿಡೋಣವೆಂದು ನಾಲ್ಕು ಸಲ ಬಾಯಿ ತೆರೆದೆ. ನಾಲ್ಕು ಸಲವೂ ಮಳೆಯ ವಿಷಯವೇ ಬಾಯಿಗೆ ಬಂತು.

ಬೀಗಿತ್ತಿ ಜಗಲಿಯ ಮೇಲೆ ನಿಂತೇ ಮಾತಾಡಿಸಿದಳು. ಗಡಿಯ ಕಡೆಯವರ ತಮಿಳು ಬೆರೆತ ಮಾತು.

"ಎದುಕ್ಕು ಬಂದೆ? ಮಗಳನ್ನ ತಿಂದದ್ದು ಸಾಲ್ದಾ?"

ನಾನು ಮಧ್ಯೆ ಬಂದು ಆಸ್ಪತ್ರೆಯಿಂದ ಬಂದಿದ್ದೇನೆ ಎಂದು ಹೇಳಿ, ಪತ್ರವನ್ನು ಗಟ್ಟಿಯಾಗಿ ಓದಿದೆ. ಸುತ್ತಲ ಮನೆಯವರು ಬಾಗಿಲಿಗೆ ಬಂದು ನಿಂತರು. ಓದಿ ಮುಗಿಸಿ, "ಇವರನ್ನ ಕಳಿಸಿದ್ದು ಆಸ್ಪತ್ರೆಯವರು. ಇವರ ತಪ್ಪಿಲ್ಲ" ಅಂದೆ. ಆಸ್ಪತ್ರೆಯವರು ಅಂದೆ, ನಾನು ಅನ್ನಲಿಲ್ಲ. ಆ ಒಂದು ಮಾತಿನ ಹಿಂದೆ ಎಷ್ಟು ಚೆನ್ನಾಗಿ ಅಡಗಿಕೊಳ್ಳಬಹುದು!

ಒಳಗಿನಿಂದ ಅಳಿಯ ನಾಗರಾಜ ಬಂದ. ಪತ್ರವನ್ನು ಇಸಿದುಕೊಂಡು ತಾನೇ ಮತ್ತೊಮ್ಮೆ ಓದಿದ. ಸೀಲನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದ. "ಅವ್ರೇ ಅಲ್ವಾ ಅವತ್ತು ಇವ್ರು ಒತ್ತು ಮಾಡುದ್ರು ಅಂದದ್ದು?" ಎಂದು ನನ್ನನ್ನು ಕೇಳಿದ. ಹೌದು ಎಂದು ತಲೆಯಾಡಿಸಿದೆ. ಅವನು ತಾಯಿಯ ಮುಖವನ್ನೇ ನೋಡಿದ. ಆಕೆ ಒಳಗೆ ಹೋಗಿ ಕೂಸನ್ನು ಎತ್ತಿಕೊಂಡು ಬಂದು, "ತಕ್ಕೋ. ಮೀನಾಚ್ಚಿ ಅಂತ ಪೇರು" ಎಂದು ಮಾದಮ್ಮನ ಕೈಗೆ ಕೊಟ್ಟಳು.

ಎಂಟು ತಿಂಗಳ ಕೂಸು ಹೊಸ ಮುಖ ಕಂಡು ಕಿಟಾರನೆ ಕಿರುಚಿತು. ಮೈ ಬಿಲ್ಲು ಮಾಡಿಕೊಂಡು ಅತ್ತಿತು. ಸಮಾಧಾನ ಮಾಡಲು ನಾನು ಕೈ ಚಾಚಿದೆ.

"ಅಳ್ಲಿ ಬುಡಿ ಸಿಸ್ಟ್ರೇ" ಅಂದಳು ಮಾದಮ್ಮ. ಅವಳ ಮುಖ ಬೆಳಗುತ್ತಿತ್ತು. "ಗಂಟ್ಲು ನೋಡಿ ಎಂಗದೆ. ಅವ್ವಂದೇ ಗಂಟ್ಲು."

ಅದಾದ ಮೇಲೆ ಮಾದಮ್ಮ ಹದಿನೈದು ದಿನ ಕ್ಯಾಶುಯಾಲ್ಟಿಗೆ ಬರಲಿಲ್ಲ. ಬಂದಾಗಲೂ ಎದೆ ಹಿಡಿದುಕೊಂಡು ಬರಲಿಲ್ಲ. ಕೆಂಪಮ್ಮನಿಗೆ ಅವರೆಕಾಯಿ ತಂದುಕೊಟ್ಟು ಹೋದಳು. ಹೊತ್ತಿಳಿಯುವಾಗ ಪಕ್ಕದ ಮನೆಯ ಬಸುರಿ ಸೊಸೆಯ ಜೊತೆ ಇರುತ್ತೇನೆ, ಅವಳಿಗೂ ಯಾರಿಲ್ಲ ಅಂದಳು.

ಉಷಾ ಮೇಡಂ ಉಳಿದ ಹಾಜರಿ ಕೇಸುಗಳನ್ನೂ ಹೀಗೆಯೇ ಒಬ್ಬೊಬ್ಬರಾಗಿ ಕೂರಿಸಿಕೊಂಡು ಕೇಳತೊಡಗಿದರು. ಉಸಿರು ಕಟ್ಟುತ್ತದೆಂದು ಬರುತ್ತಿದ್ದ ಪುಟ್ಟಸ್ವಾಮಿ ನೂಲು ತೆಗೆಯುವ ಶೆಡ್ಡಿನಲ್ಲಿ ದುಡಿದು, ಕಿಟಕಿಯಿಲ್ಲದ ಅದೇ ಶೆಡ್ಡಿನಲ್ಲಿ ಗೂಡಿನ ಮೂಟೆಗಳ ನಡುವೆ ಮಲಗುತ್ತಿದ್ದ. ಅವನ ಚೀಟಿಯಲ್ಲಿ ಮೇಡಂ, 'ಮಲಗಲು ಬೇರೆ ಜಾಗ ಬೇಕು, ಮಾಲೀಕರು ಕೊಡತಕ್ಕದ್ದು' ಎಂದು ಬರೆದರು. ಆ ಚೀಟಿ ಹಿಡಿದುಕೊಂಡು ಅವನು ಹೋದದ್ದು ಆಸ್ಪತ್ರೆ ಕಟ್ಟಿಸಿದ ಮನೆತನದವರ ಶೆಡ್ಡಿಗೇ.

ಮರುದಿನವೇ ದೊಡ್ಡ ಡಾಕ್ಟ್ರು ನಮ್ಮಿಬ್ಬರನ್ನೂ ತಮ್ಮ ಕೋಣೆಗೆ ಕರೆಸಿದರು. ಮೇಜಿನ ಮೇಲೆ ಪುಟ್ಟಸ್ವಾಮಿಯ ಚೀಟಿ ಇತ್ತು.

"ಇದು ಯಾವ ಮದ್ದು ಡಾಕ್ಟರೇ? ಮಲಗಲು ಜಾಗ! ಯಾವ ಕಂಪೆನಿಯವರು ತಯಾರು ಮಾಡ್ತಾರೆ ಇದನ್ನ?"

"ಅವನು ಬರೋದು ನಿಲ್ಲಬೇಕು ಅಂತ ತಾನೇ ಸಾರ್ ನೀವೂ ಹೇಳ್ತಿದ್ದದ್ದು" ಅಂದರು ಮೇಡಂ. "ಜಾಗ ಬದಲಾದ್ರೆ ನಿಲ್ಲುತ್ತೆ."

"ಮಾರ್ಟಳ್ಳಿಗೆ ಕಳಿಸಿದ ಪತ್ರ? ನಮ್ಮ ಸೀಲು ಹಾಕಿ ನಮ್ಮದೇ ತಪ್ಪು ಅಂತ ಬರೆದುಕೊಟ್ಟಿದ್ದೀರಿ. ನಾಳೆ ಅವರು ಕೋರ್ಟಿಗೆ ಹೋದರೆ?"

"ಹೋಗಬೇಕಿತ್ತು ಸಾರ್. ಹೋಗಲಿಲ್ಲ. ಮಾದಮ್ಮ ಕೇಳಿದ್ದು ಮಗಳು ಸತ್ತ ಕೋಣೆ ಯಾವುದು ಅಂತ, ಅಷ್ಟೇ. ಅದಕ್ಕೆ ನಾವು ನೀರಿನ ಇಂಜೆಕ್ಷನ್ ಕೊಟ್ವಿ. ಅದು ಯಾವ ಮದ್ದು ಸಾರ್?"

ಅಷ್ಟು ಮೆಲ್ಲಗೆ ಅಷ್ಟು ಕಟುವಾಗಿ ಮಾತಾಡಿದವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ದೊಡ್ಡ ಡಾಕ್ಟ್ರ ಮುಖ ಕಪ್ಪಿಟ್ಟಿತು. ಉಷಾ ಮೇಡಂಗೆ ಅವತ್ತೇ ಸಂಜೆಯೊಳಗೆ ಕ್ವಾರ್ಟರ್ಸ್ ಖಾಲಿ ಮಾಡಲು ಹೇಳಿದರು. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಇಟ್ಟುಕೊಂಡು ಅವರು ಮೈಸೂರಿನ ಬಸ್ಸು ಹತ್ತಿದರು. ಬಸ್ ಸ್ಟ್ಯಾಂಡಿಗೆ ನಾನೂ ಕೆಂಪಮ್ಮನೂ ಹೋಗಿದ್ದೆವು. "ಬೀರುವಿನ ಬೀಗದ ಕೈ ನನ್ನ ಹತ್ರಾನೇ ಉಳಿದುಬಿಡ್ತು" ಎಂದು ಪರ್ಸು ತಡಕಿ, ಆಮೇಲೆ ಏನೋ ಯೋಚಿಸಿ ಕೊಡದೆ ಹಾಗೆಯೇ ಇಟ್ಟುಕೊಂಡರು. ಪ್ರಯೋಜನವೇನೂ ಆಗಲಿಲ್ಲ. ಮರುದಿನವೇ ಬೀರುವಿನ ಬೀಗ ಒಡೆಸಿದರು. ಕೆಂಪು ಇಂಕೂ ಮತ್ತೆ ಮೇಜಿಗೆ ಬಂತು.

ನನ್ನಿಂದ ಒಂದು ತಪ್ಪೊಪ್ಪಿಗೆ ಬರೆಸಿಕೊಳ್ಳಲು ನೋಡಿದರು. ಅನುಮತಿಯಿಲ್ಲದೆ ಮಾರ್ಟಳ್ಳಿಗೆ ಹೋದೆ, ಪತ್ರದಲ್ಲಿ ಇದ್ದದ್ದು ಸುಳ್ಳು ಎಂದು ಟೈಪು ಮಾಡಿಸಿದ್ದ ಹಾಳೆ. ಮೊದಲ ಸಾಲಿಗೆ ಸಹಿ ಹಾಕುತ್ತೇನೆ, ಎರಡನೆಯದಕ್ಕೆ ಹಾಕುವುದಿಲ್ಲ ಎಂದೆ. "ಯಾಕೆ, ನೀನೇನು ನೋಡಿದ್ದೆಯಾ?" ಅಂದರು ದೊಡ್ಡ ಡಾಕ್ಟ್ರು.

"ಚೀಟಿ ಬರೆದವಳು ನಾನು ಸಾರ್" ಅಂದೆ. ಆ ಮಾತು ಮೊದಲ ಸಲ ನನ್ನ ಬಾಯಿಂದ ಬಂದದ್ದು ಅಲ್ಲಿ, ಅವರ ಮುಂದೆ. ಯಾರಿಗೆ ಮೊದಲು ಹೇಳಬೇಕಾಗಿತ್ತೋ ಅವಳ ಮುಂದಲ್ಲ.

ಅವರು ಹಾಳೆಯನ್ನು ಹಿಂದಕ್ಕೆ ಎಳೆದುಕೊಂಡು, "ಹಾಗಾದ್ರೆ ನಿನಗೇ ಕಷ್ಟ, ಗೊತ್ತಿರಲಿ. ಬಾಯಿ ಮುಚ್ಚಿಕೊಂಡು ಕೆಲಸ ಮಾಡು" ಅಂದರು. ನನ್ನ ತಪ್ಪನ್ನೂ ಅವರು ತಮ್ಮ ಉಪಯೋಗಕ್ಕೆ ಬಳಸಿಕೊಂಡದ್ದು ನನಗೆ ತಡೆಯಲಾಗಲಿಲ್ಲ. ಮರುದಿನ ರಾಜೀನಾಮೆ ಕೊಟ್ಟೆ. ದೊಡ್ಡತನದಿಂದ ಕೊಟ್ಟೆ ಅನ್ನಲಾರೆ. ಇನ್ನೊಂದು ಸಲ ಅಮೋನಿಯಾ ಹತ್ತಿ ಹಿಡಿಯಬೇಕಾಗುತ್ತದೆ ಎನ್ನುವ ಹೆದರಿಕೆಯೇ ಹೆಚ್ಚಾಗಿತ್ತು.

ಮಾರ್ಗಶಿರದ ಹೊತ್ತಿಗೆ ಶಾಗ್ಯಕ್ಕೆ ಹೋದೆ. ಮಳೆ ಪೂರ್ತಿ ಹಿಂದೆ ಸರಿದಿತ್ತು. ಆಕಾಶ ತೊಳೆದಿಟ್ಟಂತಿತ್ತು. ಊರ ಹೊರಗಿನ ಕಣದಲ್ಲಿ ಮಾದಮ್ಮ ರಾಗಿ ತೆನೆ ಹರಡುತ್ತಿದ್ದಳು. ಪಕ್ಕದಲ್ಲಿ ಬೇವಿನ ಮರದ ನೆರಳಿಗೆ ತೊಟ್ಟಿಲು ಕಟ್ಟಿತ್ತು. ಅಳಿಯ ಹಬ್ಬಕ್ಕೆ ಕೂಸನ್ನು ತಂದು ಬಿಟ್ಟುಹೋಗಿದ್ದನಂತೆ, ವಾರದ ಮಟ್ಟಿಗೆ.

"ಬನ್ನಿ ಸಿಸ್ಟ್ರೇ, ಬನ್ನಿ" ಎಂದು ತೆನೆಯ ಧೂಳು ಕೊಡವಿಕೊಂಡು ಬಂದಳು. ಕುಳಿತುಕೊಳ್ಳಲು ಗೋಣಿ ಹಾಸಿದಳು. ನಾನು ಕೂರಲಿಲ್ಲ. ಕುಳಿತರೆ ಮಳೆಯ ವಿಷಯ ಮಾತಾಡಿ ಎದ್ದುಹೋಗಿಬಿಡುತ್ತೇನೆಂದು ಗೊತ್ತಿತ್ತು.

"ಅವತ್ತು ನಿಮಗೆ ಆ ಚೀಟಿ ಕೊಟ್ಟು ಓಡಿಸಿದವಳು ನಾನು ಮಾದಮ್ಮ. ಆಮೇಲೆ ಗುರುತು ಸಿಗದೆ ನಿಮಗೆ ಸೂಜಿ ಚುಚ್ಚಿದವಳೂ ನಾನೇ. ನಂದು ತಪ್ಪಾಯ್ತು."

ಅವಳು ಕೈಯಲ್ಲಿದ್ದ ತೆನೆಯನ್ನು ಅಂಗೈಯಲ್ಲಿ ಉಜ್ಜಿ, ಊದಿ, ಕಾಳು ನೋಡಿದಳು.

"ಗೊತ್ತು ಕನವ್ವ."

"ಏನು ಗೊತ್ತು?"

"ನೀನೇ ಅಂತ. ಮೊದ್ಲ ದಿನ ಬಂದಾಗ್ಲೇ ಗುರ್ತು ಇಡುದ್ನಲ್ಲ." ಅಷ್ಟು ದಿನ ನೀವು ಎನ್ನುತ್ತಿದ್ದವಳು ಇದ್ದಕ್ಕಿದ್ದಂತೆ ನೀನು ಅಂದಳು. "ಎದ ನೋವು ಸುಳ್ಳಲ್ಲ, ನಿಜವಾಗೂ ಬತ್ತಿತ್ತು. ಆದ್ರೆ ಸರ್ಕಾರಿ ಆಸ್ಪತ್ರೆನೂ ಇತ್ತಲ್ಲ, ಅಲ್ಲಿಗೆ ಓಗನಿಲ್ಲ. ನೀನು ಒಂದಿನ ನನ್ ಮೊಕ ನೋಡಿ, ಅವತ್ತಿನ ಅವ್ವ ಅಲ್ವಾ ನೀನು, ಮದ್ದು ಸಿಕ್ತಾ ಅಂತ ಕೇಳ್ತೀಯೇನೋ ಅಂತ ಬತ್ತಿದ್ದೆ. ಸಿಕ್ತು ಅಂತ ಏಳ್ಬೇಕಾಗಿತ್ತು ನಂಗೆ."

ಅವಳು ಹಾಸಿದ್ದ ಗೋಣಿಯ ಮೇಲೆಯೇ ಕುಳಿತು ಅತ್ತುಬಿಟ್ಟೆ. ಅವಳು ಬಂದು ಸಮಾಧಾನವನ್ನೇನೂ ಹೇಳಲಿಲ್ಲ. ಪರವಾಗಿಲ್ಲ ಎಂದೂ ಅನ್ನಲಿಲ್ಲ. ಅಂದಿದ್ದರೆ ನಾನೇ ನಂಬುತ್ತಿರಲಿಲ್ಲ. ನಾನು ಅತ್ತು ಮುಗಿಸುವವರೆಗೆ ತೆನೆ ಹರಡುತ್ತ, ಆಗಾಗ ತೊಟ್ಟಿಲು ತೂಗುತ್ತ ತನ್ನ ಕೆಲಸ ಮಾಡಿಕೊಂಡಿದ್ದಳು. ಬಿಸಿಲು ಏರಿದ ಮೇಲೆ ಕೂಸು ಎದ್ದು ರಾಗ ತೆಗೆಯಿತು. ಮಾದಮ್ಮ ಅದನ್ನು ಎತ್ತಿ ತಂದು ನನ್ನ ತೊಡೆಯ ಮೇಲೆ ಕೂರಿಸಿದಳು.

"ಇಡ್ಕೊ. ಈ ಕಣ ಮುಗ್ಯೋಗಂಟ ಎಲ್ಲೂ ಓಗ್ಬ್ಯಾಡ" ಅಂದಳು.

ಹೊತ್ತು ಮುಳುಗುವವರೆಗೂ ನಾನು ಅಲ್ಲಿಂದ ಏಳಲಿಲ್ಲ.